ಡಿಕ್ಕಿಯಲ್ಲಿ ಉಳಿದ ಎಡಿ

ಯುಗಾದಿ ಅಮಾವಾಸ್ಯೆಯ ದಿನ, ಮಧ್ಯಾಹ್ನದ ಮಂಗಳಾರತಿ ಮುಗಿದ ತರುವಾಯ, ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿ ಕಲ್ಯಾಣಪ್ಪ ಸಾಹುಕಾರರ ಹಳದಿ ಗಾಡಿಯ ಬ್ಯಾಟರಿ ಕೊನೆಯುಸಿರೆಳೆಯಿತು ಎಂಬ ಸಂಗತಿಯನ್ನು ಇಲ್ಲಿ ತಕ್ಕ ಗಾಂಭೀರ್ಯದೊಂದಿಗೆ ನಮೂದಿಸಲಾಗಿದೆ. ನಿಜಾಮರ ರಾಜ್ಯ ಬಿದ್ದಾಗ, ಕಾಗಿಣಾ ನದಿ ದಡ ಮೀರಿದಾಗ, ಹಳೆಯ ಸಿಮೆಂಟು ಕಾರ್ಖಾನೆಯ ಭೋಂಗಾ ಕೂಗುವುದು ಬಂದಾದಾಗ ಈ ಊರು ದುಃಖಿಸಿರಬಹುದು. ಆದರೆ ಆಗೆಲ್ಲ ಊರಿಗೆ ಮೂಗು ಮುಚ್ಚಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಗಾಡಿ ರೇಸಿನ ಜಾತಿಯದು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಮೈ, ಅರಿಶಿಣದ ಬಣ್ಣ. ಹೈದರಾಬಾದಿನ ಒಬ್ಬ ಬಿಲ್ಡರನ ಕೈಯಿಂದ ಸಾಹುಕಾರರ ಕೈಗೆ ಬಂದದ್ದು. ಬರುವಾಗ ಚಿಂಚೋಳಿಯ ದಾರಿ ಹಿಡಿದು, ಚಿಮ್ಮನಚೋಡದ ಒಂದು ರಸ್ತೆ ಉಬ್ಬಿನ ಮೇಲೆ ಹೊಟ್ಟೆಯಡಿಯ ತಗಡನ್ನು ಕಳಚಿ ಬಿಟ್ಟು ಬಂದಿತ್ತು. ಆಮೇಲೆ ಅದು ಎಲ್ಲಿಗೂ ಹೋಗಲಿಲ್ಲ. ಸಾಹುಕಾರರ ಪಾಲಿಶ್ ಕಾರ್ಖಾನೆಯ ಅಂಗಳದಲ್ಲಿ, ಕಲ್ಲು ಉಜ್ಜಿದ ಬಿಳಿ ರಾಡಿಯ ನಡುವೆ, ತಗಡಿನ ನೆರಳಿನ ಕೆಳಗೆ ಕೂತಿತು. ದಿನಾ ಮುಂಜಾನೆ ಸಾಹುಕಾರರು ಸ್ನಾನ ಮಾಡಿ, ವಿಭೂತಿ ಧರಿಸಿ, ಗಾಡಿಯೊಳಗೆ ಇಳಿಯುವರು. ಆ ಗಾಡಿಗೆ ಹತ್ತುವುದಿಲ್ಲ, ಇಳಿಯಬೇಕು. ಕೀಲಿ ತಿರುಗಿಸಿ, ಓಣಿಯ ನಾಯಿಗಳೆಲ್ಲ ಎದ್ದು ಓಡುವಂತೆ ಸ್ವಲ್ಪ ಗುಡುಗಿಸಿ, ಬಂದ್ ಮಾಡುವರು. ಅತಿಥಿಗಳು ಬಂದರೆ ಇನ್ನೊಮ್ಮೆ ಗುಡುಗು. ಓಡಾಡಿಸದ ಗಾಡಿಯನ್ನು ಹೀಗೆ ದಿನಾ ಕೆಮ್ಮಿಸಿದರೆ ಬ್ಯಾಟರಿ ಬರೀ ಕೊಡುತ್ತ ಹೋಗುತ್ತದೆ, ತುಂಬಿಕೊಳ್ಳುವುದೇ ಇಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಇನ್ನು ಅಮಾವಾಸ್ಯೆಯ ಕಥೆ. ಸಾಹುಕಾರರ ಹೆಂಡತಿ ನೀಲಾಬಾಯಿ ಪ್ರತಿ ಅಮಾವಾಸ್ಯೆಗೆ ಕಾರ್ಖಾನೆಯ ಮಷಿನ್, ಲಾರಿ, ಜನರೇಟರ್ ಎಲ್ಲವಕ್ಕೂ ಪೂಜೆ ಮಾಡುವವರು. ಹಳದಿ ಗಾಡಿ ಬಂದ ಮೇಲೆ ಅದಕ್ಕೆ ವಿಶೇಷ ಮರ್ಯಾದೆ. ಮುಂದಿನ ಮುಚ್ಚಳ ತೆರೆದು, ಒಳಗಿನ ಇಂಜಿನ್ನಿಗೆ ಐದು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಆ ಗಾಡಿಯ ಇಂಜಿನ್ ಹಿಂದೆ ಇತ್ತು. ಮುಂದೆ ಇದ್ದದ್ದು ಡಿಕ್ಕಿ. ಅದರ ಒಳಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಮುಸುಕಿನ ಕೆಳಗೆ ಬ್ಯಾಟರಿ. ಇಷ್ಟು ತಿಂಗಳು ನೀಲಾಬಾಯಿಯವರು ಪೂಜಿಸಿದ್ದು ಸಾಮಾನು ಇಡುವ ಜಾಗವನ್ನು. ಇದು ಮಗ ಶಾಂತಕುಮಾರನಿಗೆ ಮೊದಲಿನಿಂದ ಗೊತ್ತಿತ್ತು. ಹೇಳಲಿಲ್ಲ. ಅವ್ವನ ಮುಂದೆ ಬಾಯಿ ತೆರೆಯದಿರುವುದಕ್ಕೆ ಅವನು ಸಂಸ್ಕಾರ ಎಂದು ಹೆಸರಿಟ್ಟುಕೊಂಡಿದ್ದ.

ಯುಗಾದಿ ಅಮಾವಾಸ್ಯೆಗೆ ನೆಂಟರೆಲ್ಲ ಸೇರಿದ್ದರು. ಗಾಡಿಯ ದೀಪಗಳೆಲ್ಲ ಉರಿಯುತ್ತಿದ್ದವು, ಎರಡೂ ಬಾಗಿಲು ತೆರೆದಿದ್ದವು, ಸ್ಪೀಕರಿನಲ್ಲಿ ಭಜನೆ ಬಡಿಯುತ್ತಿತ್ತು, ಒಬ್ಬೊಬ್ಬರೇ ಒಳಗೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನೀಲಾಬಾಯಿ ಡಿಕ್ಕಿಯಲ್ಲಿ ಎಡಿ ಇಟ್ಟರು. ಎಡಿ ಅಂದರೆ ನೈವೇದ್ಯದ ತಾಟು: ಹೋಳಿಗೆ, ಅನ್ನ, ಕಟ್ಟಿನ ಸಾರು, ಎಣ್ಣೆಗಾಯಿ, ಮೊಸರು, ಮೇಲೊಂದು ಬಟ್ಟಲು ಹಾಲು-ತುಪ್ಪ. ಅವರ ತವರಿನ ಪದ್ಧತಿಯಲ್ಲಿ ದೇವರು ಉಣ್ಣುವಾಗ ಯಾರೂ ನೋಡಬಾರದು, ದೇವರ ಜಗಲಿಯ ಪರದೆ ಎಳೆಯಬೇಕು. ಗಾಡಿಗೆ ಪರದೆ ಎಲ್ಲಿಂದ ತರುವುದು? ಮುಚ್ಚಳವನ್ನೇ ಹಾಕಿದರು. ಟಕ್ ಎಂದಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಭಜನೆ ಎಳೆದೆಳೆದು, ಮುದಿ ಎತ್ತಿನ ಹಾಗೆ ನರಳಿ ನಿಂತಿತು. ದೀಪಗಳು ಆರಿದವು. ಮುಚ್ಚಳ ತೆರೆಯುವುದು ವಿದ್ಯುತ್ತಿನ ಗುಂಡಿಯಿಂದ. ಗುಂಡಿ ಒತ್ತಿದರು. ಇನ್ನೊಬ್ಬರು ಒತ್ತಿದರು. ನೆಂಟರೆಲ್ಲ ಸರದಿಯಲ್ಲಿ ಒತ್ತಿದರು. ದೇವರು ಊಟಕ್ಕೆ ಕೂತವನು ಏಳಲಿಲ್ಲ.

"ಯಾರಿಗೂ ಹೇಳಬ್ಯಾಡ್ರಿ," ಎಂದರು ನೀಲಾಬಾಯಿ. "ಎಡಿ ಒಳಗ ಸಿಕ್ಕಿಬಿತ್ತಂದ್ರ ಅಪಶಕುನ. ಹುಡುಗಂದು ಲಗ್ನದ ಮಾತು ನಡದದ."

ಹೇಳದಿದ್ದರೂ ಎಡಿಯೇ ಹೇಳತೊಡಗಿತು. ಮೊದಲು ಹುಳಿ ವಾಸನೆ ಬಂತು. ಆಮೇಲೆ ಹುಳಿಗೆ ಹೆಸರಿಡಲಾಗದ ಒಂದು ಸಿಹಿ ಕೂಡಿತು. ಬಿಸಿಲು ಏರಿದಂತೆ ತಗಡಿನ ನೆರಳು ಒಲೆಯಾಯಿತು, ಗಾಡಿ ಅದರೊಳಗಿನ ಗಡಿಗೆಯಾಯಿತು. ಮುಂದಿನ ಚಕ್ರದ ಬಳಿ ಬಿಳಿ ರಾಡಿಯ ಮೇಲೆ ಕಪ್ಪು ರಸ ಹನಿಯಿತು. ಕಾರ್ಖಾನೆಯ ಆಳುಗಳು ಬುತ್ತಿ ಕಟ್ಟಿಕೊಂಡು ಉಣ್ಣಲು ರೈಲು ಹಳಿಯ ಆಚೆ ಹೋದರು. ಕಲ್ಯಾಣಪ್ಪನವರು ಪಕ್ಕದ ಅಂಗಳದ ಮೋರಿಯನ್ನು ಬೈದರು, ಮುನ್ಸಿಪಾಲಿಟಿಯನ್ನು ಬೈದರು, ಕಾವಲುಗಾರ ಪೀರಪ್ಪನ ಚಪ್ಪಲಿಯನ್ನೂ ಬೈದರು. ಒಂದು ಬೆಕ್ಕು ಮಾತ್ರ ದಿನಾ ಬಂದು ಗಾಡಿಯ ಮುಂದೆ ಭಕ್ತಿಯಿಂದ ಕೂರುತ್ತಿತ್ತು.

ಲಗ್ನದ ಮಾತು ನಡೆದದ್ದು ಸೇಡಂನ ಗುರುಲಿಂಗಪ್ಪನವರ ಮಗಳು ದಾನೇಶ್ವರಿಯ ಜೊತೆ. ಆಕೆ ಚಿತ್ತಾಪುರದ ದನದ ದವಾಖಾನೆಯಲ್ಲಿ ಡಾಕ್ಟರ್. ಶಾಂತಕುಮಾರ ಹುಡುಗಿ ನೋಡಲು ಹೋದಾಗ ಅವಳು ಚಹಾದ ತಟ್ಟೆ ಹಿಡಿದು ತಲೆ ತಗ್ಗಿಸಿ ಬರಲಿಲ್ಲ. ಎದುರಿಗೆ ಕೂತು, "ನಿಮಗ ಕಲ್ಲಿನ ಧೂಳಿಗೆ ದಮ್ಮು ಗಿಮ್ಮು ಇಲ್ಲಲ್ಲರಿ?" ಎಂದು ಕೇಳಿದಳು. ಅವನ ಆರೋಗ್ಯವನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ಅಂದಿನಿಂದ ಅವನಿಗೆ ಆಕೆಯ ಹೊರತು ಬೇರೆ ಏನೂ ಬೇಡವಾಯಿತು. ಹೆಣ್ಣಿನ ತಂದೆ ಒಪ್ಪಿಯಾಗಿತ್ತು. ಅವರಿಗೆ ಕಳಿಸಿದ ಹುಡುಗನ ಫೋಟೊದಲ್ಲಿ ಹುಡುಗನಿಗಿಂತ ಹಳದಿ ಗಾಡಿ ದೊಡ್ಡದಾಗಿ ಕಾಣುತ್ತಿತ್ತು. ಒಪ್ಪಬೇಕಾದವಳು ದಾನೇಶ್ವರಿ. "ಮನಿ ನೋಡ್ತೀನಿ, ಮಂದಿ ನೋಡ್ತೀನಿ, ಆಮ್ಯಾಲ ಹೇಳ್ತೀನಿ," ಎಂದಿದ್ದಳು. ಹುಡುಗಿಯೇ ಮನೆ ನೋಡಲು ಬರುವ ಪದ್ಧತಿ ಎಲ್ಲೂ ಇಲ್ಲವೆಂದು ನೀಲಾಬಾಯಿ ಗೊಣಗಿದರು. ಡಾಕ್ಟರ್ ಸೊಸೆ ಎಂಬ ಮಾತಿನ ಸಿಹಿ ಗೊಣಗನ್ನು ನುಂಗಿತು. ಭೇಟಿ ಅಮಾವಾಸ್ಯೆ ಕಳೆದು ಒಂದು ತಿಂಗಳ ಮೇಲಿನ ಆಯ್ತವಾರಕ್ಕೆ ನಿಗದಿಯಾಯಿತು.

ಹಿಂದಿನ ದಿನ ತಂದೆ-ಮಗ ವಾಡಿಗೆ ಹೋದರು. ಅಲ್ಲಿ ಜಂಕ್ಷನ್ನಿನ ಹತ್ತಿರ ಜೈಭೀಮ ಎಂಬವನ ಬ್ಯಾಟರಿ ಅಂಗಡಿ. ಡಿಪ್ಲೊಮಾ ಓದಿದವನು, ಮಾತಿನಲ್ಲಿ ಚುರುಕು, ಅಂಗಿಯ ಇಸ್ತ್ರಿ ಕೆಡಿಸಿಕೊಳ್ಳದೆ ಕೆಲಸ ಮಾಡುವವನು. ಕಾರ್ಖಾನೆಯ ಜನರೇಟರಿಗೂ ಲಾರಿಗೂ ಅವನದೇ ಬ್ಯಾಟರಿ. ಕಲ್ಯಾಣಪ್ಪನವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆದಿರಲಿಲ್ಲ. ಕರೆದರೆ ತಮ್ಮ ಬಾಯಿಂದಲೇ ಜಯಘೋಷ ಹೊರಡುತ್ತದೆಂಬ ಆತಂಕ. "ಏ ಬ್ಯಾಟ್ರಿ" ಎನ್ನುತ್ತಿದ್ದರು.

"ಏ ಬ್ಯಾಟ್ರಿ, ಛಲೋದೊಂದು ತಗಿ. ಹಳದಿ ಗಾಡಿಗ."

"ಬರ್ರಿ ಸಾವ್ಕಾರ್ರ, ಕುಂದ್ರಿ. ಹಳೇ ಬ್ಯಾಟ್ರಿ ಮ್ಯಾಲ ಏನ ಬರದದ, ನೋಡೀರೇನು?"

"ಹ್ಯಾಂಗ ನೋಡೋದು? ಮುಚ್ಚಳ ತಗೀವಲ್ದು. ಬ್ಯಾಟ್ರಿ ಅಂದ್ರ ಬ್ಯಾಟ್ರಿ. ಇದು ಹ್ಯಾಂಗದ?" ಎಂದು ಸಾಹುಕಾರರು ಒಂದು ಲಾರಿ ಬ್ಯಾಟರಿಯನ್ನು ಎರಡೂ ಕೈಯಿಂದ ಅಲುಗಿಸಿ ನೋಡಿದರು. ಕಲ್ಲಿನ ವ್ಯಾಪಾರದವರು, ತೂಕವಿಲ್ಲದ್ದನ್ನು ನಂಬುವವರಲ್ಲ. "ಇದು ಜೋರದಾರ ಅದ. ಇದನ್ನ ಹಾಕು."

"ಇದನ್ನ ಹಾಕಿದ್ರ ಗಾಡಿ ಹಾಕಬೇಕಾಗ್ತದರಿ ಇದರೊಳಗ." ಜೈಭೀಮ ಒಳಗಿನಿಂದ ಬೇರೊಂದನ್ನು ತಂದ. "ಅದಕ್ಕ ಎಜಿಎಂ ಅಂತ ಬ್ಯಾರೆ ಜಾತಿ ಬೇಕ್ರಿ. ಒಳಗ ನೀರು ಹೊಳ್ಳಾಡಂಗಿಲ್ಲ, ಹತ್ತಿ ಹಾಸಿಗಿ ಇದ್ದಂಗ ಇರ್ತದ, ಆಸಿಡ್ ಹೀರಿ ಕುಂತಿರ್ತದ. ಉದ್ದ ಇಷ್ಟ ಇರಬೇಕು, ಪ್ಲಸ್ ಬಲಕ್ಕ ಬರಬೇಕು. ಎಡಕ್ಕ ಬಂತಂದ್ರ ವೈರ್ ಮುಟ್ಟಂಗಿಲ್ಲ. ಹೊಗಿ ಹೋಗ್ಲಿಕ್ಕ ಒಂದ ನಳಿಗಿ ತೂತು ಇರಬೇಕು."

"ಇಷ್ಟ ಸಣ್ಣದು! ನನ್ನ ಜನರೇಟರಿಂದು ಇದರ ಅಪ್ಪ ಇದ್ದಂಗ ಅದ."

"ಅಪ್ಪ ದೊಡ್ಡವ ಇದ್ರ ಮಗನ ಕುರ್ಚಿ ಮ್ಯಾಲ ಕುಂಡ್ರಲಿಕ್ಕ ಬರ್ತದೇನ್ರಿ?"

ಶಾಂತಕುಮಾರ ನಕ್ಕ. ಅಪ್ಪನ ಮುಖ ನೋಡಿ ನಗುವನ್ನು ಕೆಮ್ಮಾಗಿ ಬದಲಿಸಿಕೊಂಡ.

"ಮುಚ್ಚಳದ ಒಳಗ ಏನರ ಸಾಮಾನ ಅದೇನ್ರಿ?" ಎಂದು ಜೈಭೀಮ ಕೇಳಿದ. "ಏಕದಂ ಎದ್ದು ಬಿಡ್ತದ, ಅದಕ್ಕ ಕೇಳಿದೆ."

ತಂದೆ ಮಗನನ್ನು ನೋಡಿದರು. ಮಗ ರಸ್ತೆಯ ಆಚೆ ಪಾನ್ ಅಂಗಡಿಯನ್ನು ನೋಡಿದ.

"ಏನಿಲ್ಲ," ಎಂದರು ಕಲ್ಯಾಣಪ್ಪ. "ಖಾಲಿ ಅದ."

ಆಯ್ತವಾರ ಮುಂಜಾನೆ ಜೈಭೀಮ ಹೊಸ ಬ್ಯಾಟರಿ, ವೈರು, ಪಾನಾ-ಪಕ್ಕಡಗಳ ಪೆಟ್ಟಿಗೆ ತಂದಿಳಿಸಿದ. ಗೇಟು ದಾಟಿದ್ದೇ ಅವನ ಮುಖ ಬದಲಾಯಿತು.

"ಪೀರಪ್ಪಾ, ಏನೋ ಇದು ಬದ್ಬೂ?"

"ಮೋರಿದರಿ," ಎಂದ ಪೀರಪ್ಪ, ಸಾಹುಕಾರರು ಕಲಿಸಿದ್ದನ್ನು ಒಪ್ಪಿಸುವಂತೆ.

ಅಂಗಳ ಅಂದು ಸಿಂಗಾರಗೊಂಡಿತ್ತು. ರಾಡಿಯ ಮೇಲೆ ಫರಸಿ ಹಾಸಿ, ಅದರ ಮೇಲೆ ಕೆಂಪು ಜಮಖಾನೆ, ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ವಾಸನೆ ಮುಚ್ಚಲು ಊದುಬತ್ತಿಯ ಕಟ್ಟುಗಳನ್ನು ಹಚ್ಚಿದ್ದರು, ಅತ್ತರು ಚಿಮುಕಿಸಿದ್ದರು. ಪರಿಣಾಮವಾಗಿ, ಸುಗಂಧ ಬಳಿದುಕೊಂಡ ಹೆಣವೊಂದು ಎಲ್ಲೋ ಹತ್ತಿರದಲ್ಲಿ ಓಡಾಡುತ್ತಿರುವಂತೆ ಇತ್ತು.

ಜೈಭೀಮ ರಿಮೋಟಿನೊಳಗೆ ಅಡಗಿದ್ದ ಕಬ್ಬಿಣದ ಕೀಲಿಯಿಂದ ಬಾಗಿಲು ತೆರೆದ. ಚಾಲಕನ ಕಾಲ ಬಳಿ ಫ್ಯೂಸುಗಳ ಡಬ್ಬಿ; ಅದರೊಳಗೆ, ಹೊರಗಿನಿಂದ ಕರೆಂಟು ಕೊಡಲೆಂದೇ ಇಟ್ಟ, ಎಳೆದರೆ ಹೊರಬರುವ ಒಂದು ಕೆಂಪು ನಾಲಿಗೆ.

"ಇದು ಛಲೋ ಫಜೀತಿ ನೋಡ್ರಿ ಶಾಂತಕುಮಾರ," ಎಂದ, ಬಗ್ಗಿ. "ಬ್ಯಾಟ್ರಿ ತಗೀಬೇಕಂದ್ರ ಮುಚ್ಚಳ ತಗೀಬೇಕು. ಮುಚ್ಚಳ ತಗೀಬೇಕಂದ್ರ ಬ್ಯಾಟ್ರಿ ಬೇಕು. ಈ ಗಾಡಿ ಮಾಡಿದವ ಯಾವದೋ ಸರ್ಕಾರಿ ಆಫೀಸ್ನ್ಯಾಗ ನೌಕ್ರಿ ಮಾಡ್ಯಾನ."

ಹೊಸ ಬ್ಯಾಟರಿಯ ಪ್ಲಸ್ಸನ್ನು ಕೆಂಪು ನಾಲಿಗೆಗೂ, ಮೈನಸ್ಸನ್ನು ಬಾಗಿಲ ಕೊಂಡಿಯ ಬರಿ ಕಬ್ಬಿಣಕ್ಕೂ ಕಚ್ಚಿಸಲು ಅವನು ಸಿದ್ಧನಾದಾಗ ನೀಲಾಬಾಯಿ ಪಡಸಾಲೆಯಿಂದ ಅವಸರದಲ್ಲಿ ಬಂದರು. ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಒತ್ತಿ, ಹತ್ತು ಹೆಜ್ಜೆ ದೂರದಲ್ಲಿ ನಿಂತರು.

"ಏನಪಾ, ಮುಚ್ಚಳ ಎದ್ದ ಮ್ಯಾಲ ನೀ ಕೈ ಹಾಕಬ್ಯಾಡ. ಒಳಗ ದೇವರ ಎಡಿ ಅದ. ನೀ ಮುಟ್ಟಿಗಿಟ್ಟೀ ಮತ್ತ. ಮೊದಲು ನಮ್ಮ ಶಾಂತ ತಗೀತಾನ, ಆಮ್ಯಾಲ ನಿಂದು."

"ಎಡಿ?" ಜೈಭೀಮ ತಲೆ ಎತ್ತಿದ. "ಯಾವತ್ತಿಂದರಿ ಅಮ್ಮಾರ?"

"ಯುಗಾದಿ ಅಮಾಸಿದು."

ಜೈಭೀಮ ಶಾಂತಕುಮಾರನನ್ನು ನೋಡಿದ. "ಖಾಲಿ ಅದ ಅಂದಿದ್ರಿ." ಶಾಂತಕುಮಾರ ತನ್ನ ಬಿಳಿ ಅಂಗಿಯ ಗುಂಡಿಯನ್ನು ಸರಿಮಾಡಿಕೊಂಡ.

ಅದೇ ಹೊತ್ತಿಗೆ ಗೇಟಿನಲ್ಲಿ ಬೀಗರ ಕಾರು ಬಂತು. ಹೇಳಿದ ವೇಳೆಗಿಂತ ಮೊದಲೇ ಬಂದಿದ್ದರು. ಈ ಭಾಗದಲ್ಲಿ ಯಾರೂ ಮಾಡದ, ಯಾರೂ ಕ್ಷಮಿಸದ ಅಪರಾಧ ಇದು. ಗುರುಲಿಂಗಪ್ಪನವರು ಇಳಿದು, ಮನೆಯನ್ನಾಗಲಿ ಮನೆಯವರನ್ನಾಗಲಿ ನೋಡದೆ ಸೀದಾ ಗಾಡಿಯ ಕಡೆ ಕೈ ಜೋಡಿಸಿಕೊಂಡು ನಡೆದರು. ಹಿಂದೆ ದಾನೇಶ್ವರಿ. ಆಕೆ ಗೇಟಿನಲ್ಲೇ ಒಮ್ಮೆ ಉಸಿರು ಎಳೆದು ನಿಂತಳು. ದನದ ಡಾಕ್ಟರಿಗೆ ವಾಸನೆಗಳ ಪರಿಚಯ ಇರುತ್ತದೆ.

"ಏನ್ ಸತ್ತದರಿ?" ಎಂದು ಪೀರಪ್ಪನನ್ನು ಕೇಳಿದಳು.

"ಮೋರಿದರಿ," ಎಂದ ಪೀರಪ್ಪ.

"ಮೋರಿ ಸತ್ತದೇನು?"

ಜೈಭೀಮನ ವೈರು ಕಚ್ಚಿತು. ಗಾಡಿಗೆ ಒಂದು ತಿಂಗಳ ಮೇಲೆ ಜೀವ ಬಂದದ್ದೇ ತಡ, ತನ್ನನ್ನು ಯಾರೋ ಕದಿಯುತ್ತಿದ್ದಾರೆಂಬ ಭ್ರಮೆ ಹುಟ್ಟಿತು. ಅದು ಬೊಬ್ಬೆ ಹಾಕತೊಡಗಿತು. ನಾಯಿಗಳು ಸೇರಿಕೊಂಡವು. ಆ ಗದ್ದಲದಲ್ಲಿ ಶಾಂತಕುಮಾರ ಗುಂಡಿ ಒತ್ತಿದ. ಮುಚ್ಚಳ ಟಕ್ ಎಂದು ನಿಧಾನವಾಗಿ, ಯಾರಿಗೂ ಬೇಡವಾದ ವಿನಯದಿಂದ, ಮೇಲೆದ್ದಿತು.

ಒಳಗಿನದನ್ನು ಹೇಳಲೇಬೇಕಾಗಿದೆ, ಯಾಕೆಂದರೆ ಅಲ್ಲಿದ್ದವರು ಯಾರೂ ಆಮೇಲೆ ಅದನ್ನು ಹೇಳಲು ಒಪ್ಪಲಿಲ್ಲ. ಅನ್ನಕ್ಕೆ ಬೂದು ತುಪ್ಪಳ ಬೆಳೆದಿತ್ತು. ಎಣ್ಣೆಗಾಯಿ ಕರಗಿ ಕಪ್ಪು ರಸವಾಗಿ ಡಿಕ್ಕಿಯ ಕಾರ್ಪೆಟ್ಟಿಗೆ ಇಳಿದಿತ್ತು. ಮೊಸರಿದ್ದ ಬಟ್ಟಲು ಚಲಿಸುತ್ತಿತ್ತು. ಸರಿಯಾಗಿ ನೋಡಿದರೆ ಬಟ್ಟಲಲ್ಲ, ಬಟ್ಟಲಿನ ತುಂಬ ಇದ್ದ ಬಿಳಿ ಹುಳುಗಳು. ಚಿಮ್ಮನಚೋಡದಲ್ಲಿ ತಗಡು ಕಳಚಿದ ಜಾಗದಿಂದ ಒಂದು ಹೆಗ್ಗಣ ಮೇಲೇರಿ ಬಂದಿತ್ತು. ಪೂಜೆಯ ವಸ್ತ್ರವನ್ನು ಹರಿದು ಹಾಸಿಗೆ ಮಾಡಿಕೊಂಡಿತ್ತು, ಹೋಳಿಗೆ ಉಂಡಿತ್ತು, ಉಂಡಲ್ಲೇ ಸತ್ತಿತ್ತು, ಮತ್ತು ತನ್ನ ಸರದಿಯಲ್ಲಿ ತಾನೂ ಎಡಿಯಾಗಿತ್ತು. ಹಾಲು ಬ್ಯಾಟರಿಯ ಮುಸುಕಿನ ಸಂದಿಯಲ್ಲಿ ಹರಿದು ಗಟ್ಟಿಯಾಗಿತ್ತು. ಈ ಎಲ್ಲದರ ಮೇಲೆ ಐದು ಬೆರಳಿನ ವಿಭೂತಿ ಅಚ್ಚಳಿಯದೆ ಉಳಿದಿತ್ತು.

ಗುರುಲಿಂಗಪ್ಪನವರು ಮೂಗು ಹಿಡಿದುಕೊಂಡರು. ಹಿಡಿದುಕೊಂಡೇ, "ಗಾಡಿ ಮಾತ್ರ ಏಕ್ ನಂಬರ್ ಅದರಿ ಬೀಗರ," ಎಂದರು. ಮನುಷ್ಯನ ಆಸೆಗೆ ಮೂಗು ಇರುವುದಿಲ್ಲ.

ಜೈಭೀಮ ಹಿಂದೆ ಸರಿದು, ವೈರು ಬಿಚ್ಚಿ ಬೊಬ್ಬೆ ನಿಲ್ಲಿಸಿದ. ನೊಣಗಳ ಸದ್ದು ಮಾತ್ರ ಉಳಿಯಿತು.

"ತಗೀರಿ," ಎಂದ ಶಾಂತಕುಮಾರನಿಗೆ.

ಶಾಂತಕುಮಾರ ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಬಂದ. ಬಾಯಿಗೆ ಕರವಸ್ತ್ರ ಒತ್ತಿಕೊಂಡ. ನೀಲಾಬಾಯಿಗೆ ಮಗನ ಬಿಳಿ ಅಂಗಿ ಕಂಡಿತು, ಬೀಗರು ಕಂಡರು.

"ನೀನ ತಗೀಯಪ್ಪಾ," ಎಂದರು ಜೈಭೀಮನಿಗೆ.

"ಈಗ ಮುಟ್ಟಬ್ಯಾಡ ಅಂದ್ರಿ?"

"ಅದು ಎಡಿ ಇದ್ದಾಗಿನ ಮಾತಪಾ. ಈಗ ಅದು ಹೊಲಸು."

"ಹೊಲಸು ಆದ ಮ್ಯಾಲ ನಾ ಮುಟ್ಟಬಹುದೇನ್ರಿ?"

"ಅದರಾಗೇನದ? ನಿಮಗ ರೂಢಿ ಇರ್ತದ."

ಅವರು ಇದನ್ನು ಕೆಟ್ಟದಾಗಿ ಹೇಳಲಿಲ್ಲ. ಅದೇ ಅದರ ಅಸಹ್ಯ. ಉಪ್ಪು ಜಾಸ್ತಿ ಆಯಿತೇನೋ ಎಂದು ಕೇಳುವ ದನಿಯಲ್ಲಿ, ಸ್ವಲ್ಪ ಕನಿಕರವನ್ನೂ ಬೆರೆಸಿ ಹೇಳಿದರು.

ಜೈಭೀಮ ಪಾನಾವನ್ನು ಚಿಂದಿಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆ ಮುಚ್ಚಿದ. "ನನಗ ರೂಢಿ ಇರೋದು ಬ್ಯಾಟ್ರಿದು ರೀ ಅಮ್ಮಾರ. ಎಡಿ ನಿಮ್ದು, ಬ್ಯಾಟ್ರಿ ನಂದು. ನಿಮ್ದು ನೀವು ತಗೀರಿ, ನಂದು ನಾ ಹಾಕ್ತೀನಿ," ಎಂದು ಹೋಗಿ ಫರಸಿಯ ಅಟ್ಟಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತ.

"ಏ ಬ್ಯಾಟ್ರಿ!" ಕಲ್ಯಾಣಪ್ಪನವರು ಹಲ್ಲಿನ ಸಂದಿಯಲ್ಲಿ ಕೂಗಿದರು. "ಬೀಗರ ಮುಂದ ಇಜ್ಜತ್ ಕಳೀಬ್ಯಾಡ. ನಿನ್ನ ಖುಷಿ ಮಾಡಿ ಕಳಿಸ್ತೀನಿ."

"ನಾ ಖುಷಿನೇ ಅದೀನ್ರಿ ಸಾವ್ಕಾರ್ರ. ನೆಳ್ಳಾಗ ಕುಂತೀನಿ."

"ಪೀರಪ್ಪಾ!"

ಪೀರಪ್ಪ ಕೊರಳಿಗೆ ಕೈ ಹಾಕಿ ತುಳಸಿ ಮಾಲೆ ಹೊರಗೆಳೆದು ತೋರಿಸಿದ. "ಮಾಲಿ ಹಾಕ್ಕೊಂಡೀನ್ರಿ ಯಪ್ಪಾ. ಸತ್ತದ್ದು ಮುಟ್ಟಿದ್ರ ಪಂಢರಪುರಕ್ಕ ಮತ್ತ ನಡಕೋತ ಹೋಗಬೇಕಾಗ್ತದ." ಆ ಮಾಲೆಯನ್ನು ಅವನು ಅಲ್ಲಿಯತನಕ ಯಾರಿಗೂ ತೋರಿಸಿರಲಿಲ್ಲ.

ಈ ಮನೆತನ ಕಲ್ಲು ಕೊರೆಯುತ್ತದೆ, ಲಾರಿ ಓಡಿಸುತ್ತದೆ, ಕಚೇರಿಯ ಗೋಡೆಗೆ ಶರಣರ ಮಾತಿನ ಕ್ಯಾಲೆಂಡರು ತೂಗುಹಾಕಿದೆ. ತಾನೇ ಬಡಿಸಿದ ತಾಟನ್ನು ಎತ್ತಲು ಮಾತ್ರ ಅದರಲ್ಲಿ ಕೈ ಇರಲಿಲ್ಲ.

"ಶಾಂತಕುಮಾರ ಅವರ," ಎಂದಳು ದಾನೇಶ್ವರಿ. ಆಕೆ ಅಲ್ಲಿಯವರೆಗೆ ಕುರ್ಚಿಯ ಹಿಂಬದಿಗೆ ಕೈ ಊರಿ ನೋಡುತ್ತಿದ್ದಳು. "ಗ್ಲೌಸ್ ಬೇಕೇನ್ರಿ? ನಮ್ಮ ಗಾಡ್ಯಾಗ ಅವ."

ಅವು ಆಕಳ ಹೊಟ್ಟೆಯೊಳಗೆ ಕೈ ಹಾಕಿ ಗರ್ಭ ಪರೀಕ್ಷಿಸುವಾಗ ಹಾಕಿಕೊಳ್ಳುವಂಥವು. ಭುಜದವರೆಗೆ ಬರುವ ತೆಳು ಪ್ಲಾಸ್ಟಿಕ್ಕಿನವು. ಶಾಂತಕುಮಾರ ಆಕೆಯ ಮುಖ ನೋಡಿದ. ಆ ಮುಖದಲ್ಲಿ ಕುಚೇಷ್ಟೆ ಇರಲಿಲ್ಲ. ಹಾಕಿಕೊಂಡ. ಇಸ್ತ್ರಿಯ ಬಿಳಿ ಅಂಗಿಯ ಮೇಲೆ, ಹಣೆಯ ವಿಭೂತಿಯ ಕೆಳಗೆ, ಭುಜದವರೆಗೆ ಪ್ಲಾಸ್ಟಿಕ್ ತೊಟ್ಟ ಮದುಮಗ ಡಿಕ್ಕಿಯೊಳಗೆ ಬಾಗಿದ. ತಾಟು ಎತ್ತಿದ. ತಾಟಿನ ತಳ ಕಾರ್ಪೆಟ್ಟಿಗೆ ಅಂಟಿತ್ತು. ಬಿಡುವಾಗ ಅದು ಮಾಡಿದ ಸದ್ದಿಗೆ ಗುರುಲಿಂಗಪ್ಪನವರು ಗಾಡಿಯ ಇನ್ನೊಂದು ಪಕ್ಕಕ್ಕೆ ಹೋಗಿ ಟಾಯರುಗಳ ಅಂದ ನೋಡತೊಡಗಿದರು. ಹೆಗ್ಗಣವನ್ನು ಬಾಲ ಹಿಡಿದು ಎತ್ತಿದ. ಬಾಲ ಮಾತ್ರ ಬಂತು. ಉಳಿದದ್ದನ್ನು ಎರಡೂ ಕೈಯಿಂದ ಬಾಚಿದ. ಬಾಚುತ್ತಲೇ ಡಿಕ್ಕಿಯೊಳಗೇ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು, ಅದನ್ನೂ ಬಾಚಿದ.

"ಸಾಕು, ಶಾಂತಾ, ಸಾಕು," ಎಂದು ನೀಲಾಬಾಯಿ ಅಳುವ ದನಿ ತೆಗೆದರು. ಅವನು ನಿಲ್ಲಿಸಲಿಲ್ಲ. ಬಕೆಟ್ಟು ನೀರು, ಸೋಪಿನ ಪುಡಿ, ಪಾಲಿಶಿನ ಬ್ರಶ್ಶು. ದಾನೇಶ್ವರಿ ತಾನೇ ಹೋಗಿ ಎರಡನೆಯ ಬಕೆಟ್ಟು ತಂದಿಟ್ಟಳು. ಆ ಕ್ಷಣದಲ್ಲಿ ಈ ಲಗ್ನ ಆಗಿಬಿಡುತ್ತದೆ ಎಂದು ಅಂಗಳದಲ್ಲಿದ್ದವರಿಗೆಲ್ಲ ಅನ್ನಿಸಿತು. ಆಕೆಗೂ ಅನ್ನಿಸಿರಬೇಕು, ಬಕೆಟ್ಟು ಇಡುವಾಗ ಒಂದು ಸಣ್ಣ ನಗೆ ಇತ್ತು.

ಆಮೇಲೆ ಜೈಭೀಮ ಅಟ್ಟಿಯಿಂದ ಇಳಿದ. ಮುಸುಕು ತೆಗೆದ. ಬ್ಯಾಟರಿಯ ಎರಡು ತುದಿಗಳ ಮೇಲೆ ಹಸಿರು ಕಿಲುಬು ಹೂಕೋಸಿನಂತೆ ಅರಳಿತ್ತು. ಮೊದಲು ಮೈನಸ್ಸಿನ ನಟ್ಟು ಸಡಿಲಿಸಿ ವೈರನ್ನು ದೂರ ಸರಿಸಿ ಚಿಂದಿ ಸುತ್ತಿದ, ಆಮೇಲೆ ಪ್ಲಸ್ಸು. ಹೊಗೆಯ ನಳಿಕೆ ಎಳೆದ. ಬುಡದಲ್ಲಿ ಬ್ಯಾಟರಿಯನ್ನು ಅಮುಕಿ ಹಿಡಿದ ಕಬ್ಬಿಣದ ತುಂಡಿನ ಬೋಲ್ಟು ಒಡೆದ ಹಾಲಿನ ಹುಳಿಗೆ ತುಕ್ಕು ಹಿಡಿದು ಅಂಟಿತ್ತು. ಅದರೊಡನೆ ಹೊಡೆದಾಡಿ, ಬೆರಳು ತರಚಿಕೊಂಡು, ಒಂದು ಹಳೆಯ ಬೈಗುಳವನ್ನು ನುಂಗಿಕೊಂಡು ಬಿಚ್ಚಿದ. ಹಳೆಯದನ್ನು ಎತ್ತಿ ಹೊರಗಿಟ್ಟ. ಜಾಗವನ್ನು ಸೋಡಾ ಪುಡಿಯಿಂದ ತೊಳೆದ, ಒರೆಸಿದ. ಹೊಸದನ್ನು ಇಳಿಸಿ, ಬುಡ ಬಿಗಿದು, ನಳಿಕೆ ಕೂಡಿಸಿ, ಈಗ ಮೊದಲು ಪ್ಲಸ್ಸು, ಕೊನೆಗೆ ಮೈನಸ್ಸು.

"ಹೊಡೀರಿ," ಎಂದ.

ಶಾಂತಕುಮಾರ ಸ್ನಾನ ಮಾಡಿ ಬೇರೆ ಅಂಗಿ ತೊಟ್ಟು ಬಂದಿದ್ದ. ಕೀಲಿ ತಿರುಗಿಸಿದ. ಗಾಡಿ ಗುಡುಗಿತು. ಬೆಕ್ಕು ಬೇಸರದಿಂದ ಎದ್ದು ಹೋಯಿತು. ಕಲ್ಯಾಣಪ್ಪನವರು ಬೀಗರನ್ನು ಅಪ್ಪಿಕೊಂಡರು. ನೀಲಾಬಾಯಿ ಮುಚ್ಚಳದ ಮೇಲೆ ಗೋಮೂತ್ರ ಚಿಮುಕಿಸಿದರು. ಮಗ ಬಾಚಿದಾಗ ಅವರಿಗೆ ಇದು ನೆನಪಾಗಿರಲಿಲ್ಲ, ಜೈಭೀಮನ ಕೈ ಒಳಗೆ ಹೋಗಿ ಬಂದ ಮೇಲೆ ನೆನಪಾಯಿತು. ದಾನೇಶ್ವರಿ ಇದನ್ನು ನೋಡಿದಳು. ಎಲ್ಲರಿಗೂ ಸ್ಟೀಲಿನ ಕಪ್ಪಿನಲ್ಲಿ ಚಹಾ ಬಂತು, ಜೈಭೀಮನಿಗೆ ಕಾಗದದ ಲೋಟದಲ್ಲಿ. ಅವನು ಅದನ್ನು ಹಳೆಯ ಬ್ಯಾಟರಿಯ ಮೇಲಿಟ್ಟು, ಕುಡಿಯದೆ, ತನ್ನ ಸಾಮಾನು ಕಟ್ಟಿಕೊಂಡು ಹೊರಟ.

"ಒಂದ ಸುತ್ತು ಹೋಗಿಬರ್ರಿ ಇಬ್ರೂ," ಎಂದರು ಗುರುಲಿಂಗಪ್ಪನವರು, ಮಗಳನ್ನು ಗಾಡಿಯ ಕಡೆ ತಳ್ಳುವುದೊಂದೇ ಬಾಕಿ. "ರೈಲ್ವೆ ಗೇಟಿನ ತನಕ."

ಗಾಡಿ ರಾಡಿಯ ಮೇಲೆ ಹೊಟ್ಟೆ ಎಳೆಯುತ್ತ ಹೊರಟಿತು. ಶಾಂತಕುಮಾರ ಏಸಿ ಹಚ್ಚಿದ. ಆ ಗಾಡಿ ಒಳಕ್ಕೆ ಗಾಳಿಯನ್ನು ಎಳೆದುಕೊಳ್ಳುವುದು ಬ್ಯಾಟರಿಯ ಪಕ್ಕದಿಂದ. ಒಂದು ತಿಂಗಳ ಎಡಿಯ ನೆನಪು ತಣ್ಣಗಾಗಿ ಇಬ್ಬರ ಮುಖಕ್ಕೂ ಬೀಸಿತು. ದಾನೇಶ್ವರಿ ಮುಖ ತಿರುಗಿಸಲಿಲ್ಲ. ಅವನೇ ಬಂದ್ ಮಾಡಿ, ನಾಚಿ, "ಮಾಫ್ ಮಾಡ್ರಿ" ಎಂದ.

"ಅದಕ್ಕೇನ್ರಿ," ಎಂದಳು. "ಕೈಯಾರೆ ತಗದ್ರಿ. ನನಗ ಛಲೋ ಅನಿಸ್ತು."

ಅವನ ಕಿವಿ ಕೆಂಪಾಯಿತು. ಗೇಟು ಹಾಕಿತ್ತು. ಸಿಮೆಂಟು ತುಂಬಿದ ಗೂಡ್ಸ್ ಗಾಡಿ ಮುಗಿಯದೆ ಹೋಗುತ್ತಿತ್ತು.

"ಆ ಬ್ಯಾಟ್ರಿಯವರಿಗಿ ಒಂದ ಮಾತ ಹೇಳಿದ್ರೇನು?" ಎಂದು ಕೇಳಿದಳು.

"ಪೈಸಾ ಅಪ್ಪ ಕೊಡ್ತಾರ."

"ಪೈಸಾ ಅಲ್ಲರಿ. ನಿಮ್ಮ ಅವ್ವಾರು ಅಂದ ಮಾತು. ನೀವ ಅಲ್ಲೇ ನಿಂತಿದ್ರಿ."

ಶಾಂತಕುಮಾರ ಸ್ಟಿಯರಿಂಗಿನ ಮೇಲೆ ಬೆರಳಾಡಿಸಿದ. ಪ್ರಾಮಾಣಿಕವಾಗಿ ಯೋಚಿಸಿದ. ಅವನು ಕೆಟ್ಟವನಲ್ಲ, ಮತ್ತು ಈ ಹುಡುಗಿಗೆ ಸುಳ್ಳು ಹೇಳಬಾರದೆಂದು ಅವನಿಗೆ ನಿಜವಾಗಿ ಅನ್ನಿಸುತ್ತಿತ್ತು.

"ಅವ್ವ ಹಳೇ ಕಾಲದಾಕಿ ರೀ. ಹಂಗ ಅನಬಾರದಿತ್ತು, ಖರೇ. ಆದ್ರ ಅವನೂ ಅಷ್ಟು ಹಠ ಮಾಡಬಾರದಿತ್ತು, ಬೀಗರ ಮುಂದ. ನೀವ ನೋಡಿದ್ರಲ್ಲ, ನನಗ ವಾಂತಿ ಆತು. ನಮಗ ರೂಢಿ ಇಲ್ಲಲ್ಲರಿ."

ಗೂಡ್ಸಿನ ಕೊನೆಯ ಡಬ್ಬಿ ಹೋಯಿತು. ಗೇಟು ಎದ್ದಿತು.

"ಹೊಳ್ಳಿಸ್ರಿ," ಎಂದಳು ದಾನೇಶ್ವರಿ.

ಮರಳುವ ದಾರಿಯುದ್ದಕ್ಕೂ ಅವನು ಗಾಡಿಯ ವೇಗದ ವಿಷಯ ಹೇಳಿದ. ಆಕೆ ಕಿಟಕಿ ಇಳಿಸಿ ಹೊರಗಿನ ಕಲ್ಲಿನ ಧೂಳನ್ನು ಆಸೆಯಿಂದ ಎಳೆದುಕೊಂಡಳು. ಅಂಗಳದಲ್ಲಿ ಕಲ್ಯಾಣಪ್ಪನವರು ಪೇಢೆಯ ಡಬ್ಬಿ ಬಿಚ್ಚಿ ನಿಂತಿದ್ದರು. "ಹೆಂಗದವ್ವಾ ಗಾಡಿ?" ಎಂದರು. "ಚಾಲೂ ಅದರಿ," ಎಂದಳು. ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ. ಅಂದು ಅಲ್ಲಿ ತಿಂದವರು ಗುರುಲಿಂಗಪ್ಪನವರೊಬ್ಬರೇ. ಅವರು ಹೊರಡುವ ಮೊದಲು ಗಾಡಿಯೊಳಗೆ ಇಳಿದು, ಮಗಳ ಕಡೆಯಿಂದ ಒಂದು ಫೋಟೊ ತೆಗೆಸಿಕೊಂಡರು.

ಮರುದಿನ ಸೇಡಂನಿಂದ ಫೋನು ಬಂತು. ಹುಡುಗಿ ಒಲ್ಲೆ ಎಂದಿದ್ದಳು.